ಬುಧವಾರದ ಸೂಜಿ

ಜನವರಿ ೯, ಮಂಗಳವಾರ

ಡಾಕ್ಟರಮ್ಮನ ಕೋಣೆಯಲ್ಲಿ ಇದ್ದದ್ದೆಲ್ಲ ಕೈಯಿರುವ ಕುರ್ಚಿಗಳೇ. ಅಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಕೈಯಿರುವ ಕುರ್ಚಿ ನಮ್ಮಂಥವರ ಹಗೆ. ಕೂರುವಾಗ ಹೇಗೋ ಒಳಗೆ ಬಿಟ್ಟುಕೊಳ್ಳುತ್ತದೆ, ಏಳುವಾಗ ಜೊತೆಯಲ್ಲೇ ಎದ್ದು ಬರುತ್ತದೆ.

"ನಾವು ನಿಂತೇ ಇರ್ತೀವಿ ಡಾಕ್ಟ್ರೇ. ದಿನವೆಲ್ಲ ಕೂತು ಹೊಲಿಯೋರು," ಎಂದಳು ಅಕ್ಕ. ಡಾಕ್ಟರಮ್ಮ ಜಾಣೆ. ಒಳಗಿನಿಂದ ಒಂದು ಬೆಂಚು ತರಿಸಿದರು.

ಏನೇನಾಗುತ್ತದೆ ಎಂದು ಬರೆದಿಡಲು ಹೇಳಿದ್ದು ಅವರೇ. ವಾಂತಿ, ತಲೆಸುತ್ತು ಬರೆಯಲೆಂದು ಕೊಂಡ ಪುಸ್ತಕ ಇದು. ಬೇರೆ ಯಾರೂ ಓದುವುದಿಲ್ಲವಾದ್ದರಿಂದ ಉಳಿದದ್ದನ್ನೂ ಬರೆಯುತ್ತೇನೆ. ನನಗೆ ನಲವತ್ತಾರು, ಅಕ್ಕನಿಗೆ ಐವತ್ತೊಂದು. ಕೆಳಗೆ ನಮ್ಮ ಅಂಗಡಿ, ಮೇಲೆ ಮನೆ. ಹೊಸ ಬಟ್ಟೆ ಹೊಲಿಯುವುದಿಲ್ಲ. ಹೊಲಿದ ಬಟ್ಟೆ ಬಿಗಿಯಾದರೆ ಬಿಡಿಸುವುದು, ಸಡಿಲವಾದರೆ ಹಿಡಿಯುವುದು, ಉದ್ದ ತಗ್ಗಿಸುವುದು, ಜಿಪ್ಪು ಹಾಕುವುದು, ಇಷ್ಟೇ. ಶಾಲೆಯಲ್ಲಿ ನಮಗೆ ದೊಡ್ಡ ಗುಡಾಣ, ಚಿಕ್ಕ ಗುಡಾಣ ಎಂದು ಹೆಸರಿತ್ತು. ಇಬ್ಬರೂ ಒಟ್ಟಿಗೆ ನಡೆದರೆ ರಸ್ತೆ ಕಿರಿದಾಗುತ್ತದೆ ಎಂದು ಹುಡುಗರು ಗೋಡೆಗೆ ಅಂಟಿಕೊಂಡು ನಿಲ್ಲುತ್ತಿದ್ದರು. ಅಕ್ಕ ಅವರಿಗೆ "ಇನ್ನೂ ಸ್ವಲ್ಪ ಸರೀರಿ" ಎನ್ನುತ್ತಿದ್ದಳು. ಅವಳಿಲ್ಲದಿದ್ದರೆ ನಾನು ಶಾಲೆ ಬಿಟ್ಟಿರುತ್ತಿದ್ದೆ.

ನನ್ನ ಮಂಡಿ ಸವೆದಿದೆ, ಸಕ್ಕರೆ ಏರಿದೆ. ಡಾಕ್ಟರಮ್ಮ ವಾರಕ್ಕೊಂದು ಇಂಜೆಕ್ಷನ್ ಬರೆದುಕೊಟ್ಟರು.

"ಇದು ಹಟದ ವಿಷಯ ಅಲ್ಲಮ್ಮ. ಸಾಕು ಅಂತ ಮೈ ಹೇಳೋದು ನಿಮ್ಮ ತಲೆಗೆ ಸರಿಯಾಗಿ ಕೇಳಿಸ್ತಿಲ್ಲ. ಈ ಔಷಧಿ ಇದ್ದರೆ ಕೇಳಿಸುತ್ತೆ."

ಅಕ್ಕನ ಹಳೆಯ ಕಾಗದಗಳನ್ನು ನೋಡಿ ಮಾತ್ರ ತಲೆಯಾಡಿಸಿದರು. ಐದು ವರ್ಷದ ಹಿಂದೆ ಅವಳ ಮೇದೋಜೀರಕ ಗ್ರಂಥಿ ಊದಿಕೊಂಡು ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಳು. ಬದುಕಿದ್ದೇ ಹೆಚ್ಚು. "ನಿಮಗೆ ಇದು ಬೇಡ. ಅಪಾಯ," ಎಂದರು.

"ನನ್ನ ಪಾಲಿಂದೂ ಇವಳಿಗೇ ಚುಚ್ಚಿ," ಎಂದು ಅಕ್ಕ ನಕ್ಕಳು. ದಾರಿಯಲ್ಲಿ ನಗಲಿಲ್ಲ. ನೀನಿಲ್ಲದೆ ನನಗೂ ಬೇಡ ಎಂದೆ.

"ಹುಚ್ಚು ಕಟ್ಕೋಬೇಡ. ಮುಳುಗೋ ದೋಣಿಯಿಂದ ಒಬ್ಬಳಾದ್ರೂ ಇಳೀಲಿ."

ಜನವರಿ ೧೦, ಬುಧವಾರ

ಮೊದಲ ಸೂಜಿ. ಮೂವತ್ತು ವರ್ಷದಿಂದ ಸೂಜಿ ಹಿಡಿದ ನನ್ನ ಕೈ ನನ್ನ ಹೊಟ್ಟೆಯ ಹತ್ತಿರ ಬರುವಾಗ ನಡುಗಿತು. ಅಕ್ಕ ಕಿತ್ತುಕೊಂಡಳು. "ಆ ಕಡೆ ನೋಡು. ಗುಂಡಿ ಹೊಲಿಯೋವಾಗ ಅಂಗಿ ಅಳುತ್ತಾ?" ಎನ್ನುವಷ್ಟರಲ್ಲಿ ಮುಗಿದೇ ಹೋಗಿತ್ತು.

ಜನವರಿ ೧೯, ಶುಕ್ರವಾರ

ಮೂರು ದಿನ ವಾಕರಿಕೆ. ಅಕ್ಕ ನಿಂಬೆಹಣ್ಣು ಕೊಯ್ದು ಮೂಸಲು ಕೊಟ್ಟಳು, ಗಂಜಿ ಮಾಡಿದಳು.

ಇವತ್ತು ಒಂದು ವಿಚಿತ್ರ ಗಮನಕ್ಕೆ ಬಂತು. ನನಗೆ ಯಾವಾಗಲೂ ಯಾವ ಡಬ್ಬಿಯಲ್ಲಿ ಏನು ಎಷ್ಟು ಉಳಿದಿದೆ ಎಂದು ಗೊತ್ತಿರುತ್ತದೆ. ಬೇಕೆಂದು ಎಣಿಸುವುದಲ್ಲ, ಗೊತ್ತಿರುತ್ತದೆ ಅಷ್ಟೆ. ಪ್ಯಾಂಟಿನ ಅಂಚು ಮಡಿಸುತ್ತಿದ್ದರೂ ತಲೆಯ ಒಂದು ಮೂಲೆ ಮೇಲಿನ ಕಪಾಟಿನಲ್ಲಿ ಕೂತಿರುತ್ತದೆ. ಇವತ್ತು ಮಧ್ಯಾಹ್ನ ಅಕ್ಕ "ಬಿಸ್ಕತ್ತು ಇದೆಯೇನೇ?" ಎಂದಳು. ನನಗೆ ಗೊತ್ತಿರಲಿಲ್ಲ! ಎದ್ದು ಹೋಗಿ ನೋಡಬೇಕಾಯಿತು. ಹೇಳಿದರೆ ಅಕ್ಕ ಮಿಷನ್ ನಿಲ್ಲಿಸಿ ನನ್ನನ್ನೇ ನೋಡಿದಳು. "ನಿಜವಾಗ್ಲೂ ಗೊತ್ತಿರಲಿಲ್ವಾ?" ಎಂದು ಎರಡು ಸಲ ಕೇಳಿದಳು.

ಉಳಿದವರೆಲ್ಲ ಹೀಗೇ ಬದುಕುತ್ತಿದ್ದರೇ, ಇಷ್ಟು ಆರಾಮಾಗಿ?

ಫೆಬ್ರವರಿ ೨೨, ಗುರುವಾರ

ಆರು ಕಿಲೋ ಇಳಿದಿದ್ದೇನೆ. ಮೆಟ್ಟಿಲನ್ನು ಎಲ್ಲೂ ನಿಲ್ಲದೆ ಹತ್ತಿದೆ. ಅಕ್ಕ ಕೆಳಗೆ ನಿಂತು ಚಪ್ಪಾಳೆ ತಟ್ಟಿದಳು. ಆಮೇಲೆ ಅವಳು ಹತ್ತಿ ಬರಲು ಹಿಡಿದ ಹೊತ್ತಿನಲ್ಲಿ ನಾನು ಅನ್ನಕ್ಕೆ ನೀರಿಟ್ಟು, ತರಕಾರಿಯನ್ನೂ ಹೆಚ್ಚಿದೆ. ಇಬ್ಬರಿಗೂ ನಗು.

ಬಸ್ಸಿನ ಕಂಡಕ್ಟರಮ್ಮ ಯೂನಿಫಾರ್ಮ್ ಬಿಡಿಸಲು ಬಂದಿದ್ದಳು, ಒಂದು ವರ್ಷದಲ್ಲಿ ಎರಡನೇ ಸಲ. ಅಕ್ಕ ಇಂಥವರನ್ನು ನೋಡಿಕೊಳ್ಳುವ ರೀತಿಯೇ ಬೇರೆ. ಅಳತೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ, ಚೀಟಿಯಲ್ಲಿ ಗೀಚಿ ಮಡಿಸಿಬಿಡುತ್ತಾಳೆ. "ಈ ಬಟ್ಟೆ ಒಗೆದಷ್ಟೂ ಕುಗ್ಗುತ್ತೆ, ಏನ್ಮಾಡೋದು" ಎಂದು ತಪ್ಪನ್ನೆಲ್ಲ ಬಟ್ಟೆಯ ಮೇಲೆ ಹೊರಿಸುತ್ತಾಳೆ. ಕಂಡಕ್ಟರಮ್ಮ ನಗುತ್ತ ಹೋದಳು.

ಮಾರ್ಚ್ ೧೮, ಸೋಮವಾರ

ಹನ್ನೊಂದು ಕಿಲೋ. ನನ್ನ ಪ್ಯಾಂಟುಗಳನ್ನೆಲ್ಲ ಅಕ್ಕ ಹಿಡಿದು ಕೊಟ್ಟಳು. ಪಕ್ಕದ ಗುಂಡಿ-ದಾರದ ಅಂಗಡಿಯವರು ಇವತ್ತು ನನ್ನನ್ನು ಗುರುತೇ ಹಿಡಿಯಲಿಲ್ಲ. "ಏನ್ರೀ ಇದು! ಮೆಚ್ಚಬೇಕು ನಿಮ್ಮನ್ನ. ಮನಸ್ಸು ಅಂದ್ರೆ ಹೀಗೆ ಗಟ್ಟಿ ಇರ್ಬೇಕು," ಎಂದರು.

ಇಂಜೆಕ್ಷನ್ ವಿಷಯ ಹೇಳಲು ಹೊರಟೆ. ಅಷ್ಟರಲ್ಲಿ ಬೇರೆ ಗಿರಾಕಿ ಬಂದರು. ಎಲ್ಲರಿಗೂ ಎಲ್ಲವನ್ನೂ ಹೇಳುತ್ತ ಕೂರಬೇಕೆಂದೇನೂ ಇಲ್ಲವಲ್ಲ. ನಾನು ಪಟ್ಟ ಪಾಡೂ ಸುಳ್ಳೇನಲ್ಲ. ದಿನಾ ನಡೆಯುತ್ತೇನೆ.

ಏಪ್ರಿಲ್ ೨೭, ಶನಿವಾರ

ಬೆಳಿಗ್ಗೆ ಅಕ್ಕನನ್ನು ಪಾರ್ಕಿಗೆ ಎಳೆದುಕೊಂಡು ಹೋದೆ. ಅರ್ಧ ಸುತ್ತಿಗೇ ಕಲ್ಲುಬೆಂಚು ಹಿಡಿದಳು. ನಾನು ನಾಲ್ಕು ಸುತ್ತು ಮುಗಿಸಿದೆ. ಪ್ರತಿ ಸುತ್ತಿಗೂ ಅವಳ ಮುಂದೆ ಬಂದಾಗ "ಏಳು, ಏಳು" ಎಂದೆ. ನಾಲ್ಕನೇ ಸಲಕ್ಕೆ ಅವಳು ಬೆಂಚಿನ ಮೇಲಿರಲಿಲ್ಲ. ಮನೆಗೆ ಹೋಗಿಬಿಟ್ಟಿದ್ದಳು.

ಊಟಕ್ಕೆ ಕೂತಾಗ ಹೇಳಿದೆ, "ಅಕ್ಕಾ, ಅನ್ನ ಒಂದು ಸೌಟು ಕಮ್ಮಿ ಹಾಕ್ಕೊಂಡ್ರೆ ಏನಾಗುತ್ತೆ? ಮನಸ್ಸು ಮಾಡ್ಬೇಕು ಅಷ್ಟೆ."

ಅವಳು ಒಂದು ಸೌಟು ವಾಪಸ್ ಪಾತ್ರೆಗೆ ಹಾಕಿದಳು. ನೋಡಿ, ಹೇಳಿದರೆ ಕೇಳುತ್ತಾಳೆ. ಇಷ್ಟು ದಿನ ಹೇಳುವವರಿರಲಿಲ್ಲ.

ನನ್ನದು ಐದು ತುತ್ತಿಗೆ ಮುಗಿಯುತ್ತದೆ. ಅವಳದು ಮುಗಿಯುವವರೆಗೆ ಕಾಯುತ್ತ ಕೂತರೆ ಅರ್ಧ ಗಂಟೆ ದಂಡ. ನಾನು ಎದ್ದು ಅಂಗಡಿಗೆ ಇಳಿದುಬಿಡುತ್ತೇನೆ.

ಮೇ ೧೬, ಗುರುವಾರ

ಇವತ್ತು ಅಂಗಡಿಯಲ್ಲಿ ಸುಮ್ಮನೆ ಒಂದು ರಾದ್ಧಾಂತ. ಅಕ್ಕ ಜಿಪ್ಪು ತರಲು ಹೋಗಿದ್ದಳು. ಕೋಟು ಕೊಡಲು ಬಂದ ಇಬ್ಬರು ಹೆಂಗಸರು ಕೂತಿದ್ದರು. ಕಂಡಕ್ಟರಮ್ಮ ಮತ್ತೆ ಬಂದಳು.

"ಪಕ್ಕದಲ್ಲಿ ಸ್ವಲ್ಪ ಬಿಡಿಸಿಕೊಡಿ. ನಾಳೆ ಬೆಳಿಗ್ಗೆ ಡ್ಯೂಟಿಗೆ ಬೇಕು," ಎಂದಳು ಮೆಲ್ಲಗೆ.

ಒಳಗೆ ತಿರುಗಿಸಿ ನೋಡಿದೆ. ಹೊಲಿಗೆಯಲ್ಲಿ ಬಿಡಿಸಲು ಎಳೆಯಷ್ಟೂ ಬಟ್ಟೆ ಉಳಿದಿರಲಿಲ್ಲ. "ಇನ್ನೆಲ್ಲಿ ಬಿಡಿಸೋದು ಕಣ್ರೀ? ಬಟ್ಟೆ ಬಿಡಿಸ್ತಾ ಹೋದ್ರೆ ಕೊನೆಯೆಲ್ಲಿದೆ? ಬಾಯಿಗೊಂದು ಹೊಲಿಗೆ ಹಾಕ್ಕೊಂಡ್ರೆ ಎಲ್ಲ ತಾನಾಗೇ ಸರಿಹೋಗುತ್ತೆ. ನನ್ನನ್ನ ನೋಡಿ."

ಆ ಇಬ್ಬರೂ ನಕ್ಕರು. ನಾನೂ ನಕ್ಕೆ. ಕಂಡಕ್ಟರಮ್ಮ ಯೂನಿಫಾರ್ಮನ್ನು ಮೇಜಿನ ಮೇಲಿಂದ ತೆಗೆದು, ನಾಲ್ಕು ಮಡಿಕೆ ಮಡಿಸಿ, ಚೀಲಕ್ಕೆ ಹಾಕಿಕೊಂಡು ಹೊರಟಳು.

ತಮಾಷೆಗೆ ಹೇಳಿದ್ದು. ಒಳ್ಳೆಯದಕ್ಕೇ ಹೇಳಿದ್ದು. ನನಗೆ ಯಾರಾದರೂ ಇಪ್ಪತ್ತು ವರ್ಷ ಮೊದಲೇ ಹೀಗೆ ಹೇಳಿದ್ದರೆ!

ಆ ಹೆಂಗಸರೇ ಅಕ್ಕನಿಗೆ ಬಾಗಿಲಲ್ಲಿ ಸಿಕ್ಕಿ, ನಗುನಗುತ್ತ ವರದಿ ಒಪ್ಪಿಸಿದರಂತೆ. ಅಕ್ಕ ಒಳಗೆ ಬಂದವಳು ಜಿಪ್ಪಿನ ಪೊಟ್ಟಣ ಕೆಳಗಿಡಲೂ ಇಲ್ಲ.

"ಹೀಗಂದ್ಯಾ?"

"ಅಂದೆ. ನಿಜ ತಾನೇ?"

"ನಿಜಾನೇ," ಎಂದಳು. "ನಮ್ಮನ್ನ ಆಡಿಕೊಂಡೋರೂ ಯಾವತ್ತೂ ಸುಳ್ಳು ಹೇಳ್ಲಿಲ್ಲ ನೋಡು."

ಮೇ ೨೦, ಸೋಮವಾರ

ಅಕ್ಕ ಬೇಕಾದಷ್ಟೇ ಮಾತಾಡುತ್ತಾಳೆ. ಕತ್ತರಿ ಕೊಡು. ದಾರ ಮುಗಿದಿದೆ. ಅವಳಿಗೆ ಹೊಟ್ಟೆಕಿಚ್ಚು ಇರಬಹುದು. ಸಹಜ, ಪಾಪ.

ಹದಿನೆಂಟು ಕಿಲೋ.

ಜೂನ್ ೧೧, ಮಂಗಳವಾರ

ಬಟ್ಟೆ ಹಾಕಿ ನೋಡುವ ಮೂಲೆಗೆ ಗಿರಾಕಿಯನ್ನು ಕರೆದೊಯ್ಯಲು ಪರದೆ ಸರಿಸಿದೆ. ಒಳಗೆ ಅಕ್ಕ. ಕೈಯಲ್ಲಿ ಬನ್ನು. ನನ್ನನ್ನು ಕಂಡವಳೇ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಕೆನ್ನೆ ಉಬ್ಬಿತ್ತು. ನುಂಗಲೂ ಇಲ್ಲ, ಅಗಿಯಲೂ ಇಲ್ಲ. ಹಾಗೇ ಕಣ್ಣು ಬಿಟ್ಟು ನಿಂತಿದ್ದಳು. ಗಿರಾಕಿಯ ಮುಂದೆ ನನಗೆ ನೆಲಕ್ಕಿಳಿದು ಹೋದಂತಾಯಿತು.

ಐವತ್ತೊಂದು ವರ್ಷದ ಹೆಂಗಸು ಕದ್ದು ತಿನ್ನುವುದೆಂದರೇನು? ಯಾರು ಬೇಡವೆಂದಿದ್ದಾರೆ ಅವಳಿಗೆ? ನಾನಂತೂ ಈಗ ಒಂದು ಮಾತೂ ಆಡುವುದಿಲ್ಲ. ಅವಳು ಬಡಿಸಿಕೊಳ್ಳುವಾಗ ತಟ್ಟೆಯ ಕಡೆ ನೋಡುತ್ತೇನೆ, ಅಷ್ಟೆ.

ಬುಧವಾರದ ಸೂಜಿಯನ್ನು ಈಗ ನಾನೇ ಹಾಕಿಕೊಳ್ಳುತ್ತೇನೆ. ಕೈ ನಡುಗುವುದಿಲ್ಲ.

ಜುಲೈ ೩, ಬುಧವಾರ

ಔಷಧಿ ಅಂಗಡಿಯಲ್ಲಿ ಇಂಜೆಕ್ಷನ್ ಇಲ್ಲ. "ನಮಗೇ ಬರ್ತಿಲ್ಲಮ್ಮ. ಎಲ್ಲ ಕಡೆ ಇದೇ ಗೋಳು," ಎಂದರು. ಇನ್ನೂ ಮೂರು ಅಂಗಡಿ ಸುತ್ತಿದೆ. ಇಲ್ಲ. ಪರವಾಗಿಲ್ಲ. ಆರು ತಿಂಗಳಲ್ಲಿ ಹೊಟ್ಟೆ ಚಿಕ್ಕದಾಗಿದೆ, ಅಭ್ಯಾಸ ಕೂತಿದೆ. ಇನ್ನು ಔಷಧಿ ಇಲ್ಲದೆಯೂ ನಡೆಯುತ್ತದೆ ಎಂದು ನನಗನಿಸುತ್ತದೆ. ಮನಸ್ಸು ಗಟ್ಟಿ ಇದ್ದರೆ ಸರಿ.

ಜುಲೈ ೧೨, ಶುಕ್ರವಾರ

ಸ್ವಲ್ಪ ಹಸಿವು. ಎರಡು ಲೋಟ ನೀರು ಕುಡಿದೆ.

ಜುಲೈ ೨೧, ಭಾನುವಾರ

ಕೆಂಪು ಡಬ್ಬಿಯಲ್ಲಿ ಒಂಬತ್ತು ಬಿಸ್ಕತ್ತು. ಅದರ ಹಿಂದೆ ಅರ್ಧ ಪೊಟ್ಟಣ ರಸ್ಕು. ಬ್ರೆಡ್ಡಿನ ತುದಿಯ ಎರಡು ಹೋಳು. ಕೆಳಗೆ ಕೂತು ಕೋಟಿನ ಅಸ್ತರು ಹೊಲಿಯುತ್ತಿದ್ದೇನೆ, ಇವೆಲ್ಲ ಕಣ್ಣ ಮುಂದಿವೆ. ಮೊದಲಿಗಿಂತ ಹೆಚ್ಚು. ಆಗ ಅದು ಹೀಗೇ ಇರುವುದೆಂದು ಗೊತ್ತಿತ್ತು, ಅಭ್ಯಾಸವಾಗಿತ್ತು. ಆರು ತಿಂಗಳು ಸುಮ್ಮನಿದ್ದ ಮನೆಯಲ್ಲಿ ಈಗ ಯಾರೋ ಒಂದೇ ಸಮನೆ ಬಾಗಿಲು ಬಡಿಯುತ್ತಿದ್ದಾರೆ.

ಪಾರ್ಕಿನಲ್ಲಿ ಆರು ಸುತ್ತು ಹಾಕಿದೆ. ಏಳನೆಯದರಲ್ಲಿ ನಡುವೆ ಬಿಟ್ಟು ಬೇಕರಿಗೆ ಹೋದೆ.

ಜುಲೈ ೨೪, ಬುಧವಾರ

ಔಷಧಿ ಬಂದಿಲ್ಲ. ಮೂರು ಕಿಲೋ ಏರಿದ್ದೇನೆ. ಯಾರಿಗೂ ಹೇಳಿಲ್ಲ.

ಜುಲೈ ೨೯, ಸೋಮವಾರ

ಬರೆಯುವುದೋ ಬೇಡವೋ ಎನ್ನುತ್ತ ಕೂತಿದ್ದೇನೆ. ಬರೆಯುತ್ತೇನೆ.

ಮಧ್ಯಾಹ್ನ ಅಂಗಡಿ ಮುಚ್ಚಿ ಅಕ್ಕ ಲೈಟ್ ಬಿಲ್ ಕಟ್ಟಲು ಹೋಗಿದ್ದಳು. ನಾನು ಊಟ ಮಾಡಿದ್ದೆ. ಹೊಟ್ಟೆ ತುಂಬ ಊಟ. ಪಾತ್ರೆ ತೊಳೆದಿಟ್ಟು ಕೈ ಒರೆಸಿಕೊಂಡವಳು ಯಾವಾಗ ಬ್ರೆಡ್ ಬಿಚ್ಚಿದೆನೋ ತಿಳಿಯಲಿಲ್ಲ. ಬೆಣ್ಣೆಯನ್ನು ಚಾಕುವಿನಿಂದಲೂ ಅಲ್ಲ, ಬೆರಳಿನಿಂದ ಬಳಿದು ಬಳಿದು ತಿನ್ನುತ್ತಿದ್ದೆ. ಆರನೆಯದೋ ಏಳನೆಯದೋ ಹೋಳಿರಬೇಕು. ಮೆಟ್ಟಿಲ ಮೇಲೆ ಅಕ್ಕನ ಉಸಿರು ಕೇಳಿಸಿತು. ಪಾಪದವಳು, ಮೂರು ಕಡೆ ನಿಂತು ನಿಂತು ಹತ್ತುತ್ತಾಳೆ. ಅಷ್ಟು ಹೊತ್ತಿತ್ತು ನನಗೆ. ಆದರೂ ನಿಲ್ಲಿಸಲಾಗಲಿಲ್ಲ. ಅವಳು ಬಾಗಿಲಿಗೆ ಬಂದಾಗ ಬ್ರೆಡ್ ಹಿಡಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಅಕ್ಕ ನೋಡಿದಳು. ಚೀಲ ಕೆಳಗಿಟ್ಟಳು. ತಟ್ಟೆ ತೆಗೆದು ಮೇಜಿನ ಮೇಲಿಟ್ಟು ಕುರ್ಚಿ ಎಳೆದಳು.

"ಕೂತ್ಕೊಂಡು ತಿನ್ನು. ಕೂತು ತಿಂದ್ರೆ ಊಟ. ಕದ್ದು ತಿಂದ್ರೆ ಮೈಗೂ ಹತ್ತಲ್ಲ, ಮನಸ್ಸಿಗೂ ಹತ್ತಲ್ಲ."

ನನಗೆ ಅಳು ತಡೆಯಲಾಗಲಿಲ್ಲ. "ಎಷ್ಟು ತಿಂದ್ರೂ ಸಾಲ್ತಿಲ್ಲ ಅಕ್ಕ."

"ಗೊತ್ತು."

"ಹಟ ಹಿಡಿದು ನೋಡಿದೆ. ನಡೆದೆ, ನೀರು ಕುಡಿದೆ, ಬಾಯಿಗೆ ಏಲಕ್ಕಿ ಹಾಕ್ಕೊಂಡೆ."

"ಗೊತ್ತು ಕಣೇ."

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಬರಿಯ ಗೊತ್ತು. ಆಗ ನನಗೆ ಕೇಳಬೇಕೆನಿಸಿತು. ಆರು ತಿಂಗಳು ಅವಳೆದುರು ಕೂತು ಉಂಡವಳು ಒಂದು ಸಲವೂ ಕೇಳಿರಲಿಲ್ಲ.

"ನಿನಗೆ ಇದು ದಿನಾ ಹೀಗೇನಾ? ಈಗಲೂ?"

"ದಿನಾ. ಇಲ್ಲಿ ನಿಂತಿದ್ದೀನಲ್ಲ, ಈಗಲೂ." ಎದುರಿಗೆ ಕೂತು ಒಂದು ಹೋಳು ತಾನೂ ತೆಗೆದುಕೊಂಡಳು. "ನಿನಗೆ ಆರು ತಿಂಗಳು ರಜ ಸಿಕ್ತು. ಸಿಗ್ಲಿ ಅಂತಾನೇ ಇತ್ತು ನನಗೆ, ದೇವರಾಣೆ. ಆದ್ರೆ ರಜದಲ್ಲಿರೋಳು ಬಂದು ಕೆಲಸದಲ್ಲಿರೋಳಿಗೆ ಸೋಮಾರಿ ಅಂದ್ರೆ ಹೇಗಿರುತ್ತೆ ಹೇಳು."

ಅವಳ ಕೈ ಹಿಡಿದುಕೊಂಡೆ. ಎರಡೂ ಕೈ ಬೆಣ್ಣೆ. ಅವಳಿಗೆ ಅದನ್ನು ನೋಡಿ ನಗು ಬಂತು.

ಆಗಸ್ಟ್ ೧೪, ಬುಧವಾರ

ಔಷಧಿ ಬಂತು. ಆರು ವಾರ ಬಿಟ್ಟುಹೋದದ್ದರಿಂದ ಮತ್ತೆ ಚಿಕ್ಕ ಡೋಸಿನಿಂದಲೇ ಶುರು ಮಾಡಬೇಕೆಂದರು ಡಾಕ್ಟರಮ್ಮ. ಮತ್ತೆ ಒಂದನೇ ಕ್ಲಾಸು. ಒಟ್ಟು ಆರು ಕಿಲೋ ಏರಿದ್ದೇನೆ. "ನಿಲ್ಲಿಸಿದ್ರೆ ಹಸಿವು ವಾಪಸ್ ಬರೋದು ನಿಮ್ಮ ತಪ್ಪಲ್ಲ. ಮೊದಲೇ ಹೇಳಿದ್ದೆನಲ್ಲ," ಎಂದರು. ಹೇಳಿದ್ದರು. ನನ್ನ ಕಿವಿ ಆಮೇಲೆ ಬೇರೆಯವರ ಮಾತು ಕೇಳಿತು.

ಬರುವಾಗ ಗುಂಡಿ-ದಾರದ ಅಂಗಡಿಯವರು ತಡೆದರು. "ಏನ್ರೀ, ಸ್ವಲ್ಪ ಮೈ ಬಂದ ಹಾಗಿದೆ? ಮನಸ್ಸು ಸಡಿಲ ಬಿಟ್ರಾ?"

"ಮನಸ್ಸು ಮೊದಲೂ ಇಷ್ಟೇ ಇತ್ತು, ಈಗಲೂ ಇಷ್ಟೇ ಇದೆ. ಇಂಜೆಕ್ಷನ್ ಸಿಕ್ಕಿರಲಿಲ್ಲ," ಎಂದೆ. ಅವರು ಗುಂಡಿಯ ಡಬ್ಬಿಗಳನ್ನು ಜೋಡಿಸತೊಡಗಿದರು. ನನಗೇನೋ ಬಿಗಿ ಹೊಲಿಗೆ ಬಿಚ್ಚಿದ ಹಾಗಾಯಿತು.

ಸೂಜಿಯನ್ನು ಅಕ್ಕನ ಕೈಗೆ ಕೊಟ್ಟೆ. ನಾನೇ ಹಾಕಿಕೊಳ್ಳಬಲ್ಲೆ. ಆದರೂ ಕೊಟ್ಟೆ.

ಆಗಸ್ಟ್ ೨೦, ಮಂಗಳವಾರ

ಮೂರು ದಿನ ನಿಲ್ದಾಣದಲ್ಲಿ ಕಾದು, ಸಿಕ್ಕ ಸಿಕ್ಕ ಬಸ್ಸುಗಳಲ್ಲಿ ಇಣುಕಿ, ಇವತ್ತು ಕಂಡಕ್ಟರಮ್ಮ ಸಿಕ್ಕಳು. ಜನ ತುಂಬಿದ್ದರು. ಎಲ್ಲರ ನಡುವೆ ಜೋತುಬಿದ್ದುಕೊಂಡೇ ಹೇಳಿದೆ.

"ಅವತ್ತು ಅಂಗಡೀಲಿ ನಾನು ಆಡಬಾರದ ಮಾತು ಆಡ್ದೆ. ತಪ್ಪಾಯ್ತು."

"ಟಿಕೆಟ್ ತಗೊಳ್ಳಿ ಮೊದಲು."

ತೆಗೆದುಕೊಂಡೆ. ಅವಳು ಹಿಂದಿನವರೆಗೂ ಹೋಗಿ, ಎಲ್ಲರಿಗೂ ಟಿಕೆಟ್ ಕೊಟ್ಟು, ಎರಡು ನಿಲ್ದಾಣ ಕಳೆದ ಮೇಲೆ ನನ್ನ ಹತ್ತಿರ ಬಂದು ನಿಂತಳು.

"ಅವತ್ತು ಮನೆಗೆ ಹೋಗಿ ಎರಡು ದಿನ ಊಟ ಬಿಟ್ಟೆ. ಮೂರನೇ ದಿನ ಡ್ಯೂಟೀಲಿ ತಲೆ ಸುತ್ತಿ ಬಿದ್ದೆ. ನಿಮಗೆ ಗೊತ್ತಿರ್ಲಿ ಅಂತ ಹೇಳ್ತಿದ್ದೀನಿ."

ತಲೆ ತಗ್ಗಿಸಿದೆ. ನಾಲಿಗೆಗೆ ಎಲುಬಿಲ್ಲವೆನ್ನುತ್ತಾರೆ, ಅದು ಬೇರೆಯವರ ಎಲುಬು ಮುರಿಯುತ್ತದೆಂದು ಯಾರೂ ಹೇಳುವುದಿಲ್ಲ.

ಬಸ್ಸು ತಿರುವಿನಲ್ಲಿ ವಾಲಿತು. ಕಂಬಿ ಹಿಡಿಯಲು ಅವಳು ಕೈ ಎತ್ತಿದಾಗ ಯೂನಿಫಾರ್ಮಿನ ಪಕ್ಕದ ಹೊಲಿಗೆ ಕಂಡಿತು. ಯಾರೋ ಅಡ್ಡಾದಿಡ್ಡಿ ಹಾಕಿದ್ದರು. ಅವಳು ನನ್ನ ಕಣ್ಣು ಹೋದ ಕಡೆ ನೋಡಿದಳು.

"ಬೇರೆ ಕಡೆ ಕೊಟ್ಟೆ. ಹಾಳು ಮಾಡಿದ್ರು. ನಿಮ್ಮಕ್ಕ ಅಂಗಡೀಲಿ ಇರ್ತಾರಾ?"

"ಇರ್ತಾಳೆ."

"ಹಾಗಾದ್ರೆ ಶನಿವಾರ ಬರ್ತೀನಿ. ನೀವು ಮಾತ್ರ ಮಾತಾಡ್ಬೇಡಿ."

ಆಗಸ್ಟ್ ೨೪, ಶನಿವಾರ

ಬಂದಳು. ನಾನು ಮೂಲೆಯಲ್ಲಿ ಕೂತು ಒಂದೂ ಮಾತಾಡದೆ ಅಂಚು ಮಡಿಸುತ್ತಿದ್ದೆ. ಅಕ್ಕ ಕೆಟ್ಟ ಹೊಲಿಗೆಯನ್ನೆಲ್ಲ ಬಿಚ್ಚಿ, ಅದೇ ಬಣ್ಣದ ಬಟ್ಟೆ ಹುಡುಕಿ, ಎರಡೂ ಪಕ್ಕಕ್ಕೆ ಕಂಕುಳಿನಿಂದ ಕೆಳಗಿನವರೆಗೆ ಪಟ್ಟಿ ಕೊಟ್ಟಳು. ಹೊರಗೆ ಒಂದು ಗೆರೆಯೂ ಕಾಣದ ಹಾಗೆ. ಕಂಡಕ್ಟರಮ್ಮ ಹಾಕಿಕೊಂಡು ಬಂದು ಬಸ್ಸಿನಲ್ಲಿ ನಿಂತಂತೆ ಕೈ ಎತ್ತಿದಳು, ಬಗ್ಗಿದಳು, ತಿರುಗಿದಳು.

"ಎಲ್ಲೂ ಹಿಡೀತಿಲ್ಲ," ಎಂದಳು. ಮತ್ತೆ ಕೈ ಎತ್ತಿದಳು.

ಹೊರಡುವ ಮುಂಚೆ ನನ್ನ ಕಡೆ ತಿರುಗಿದಳು. "ಈಗ ಮಾತಾಡ್ಬಹುದು ನೀವು. ಹೇಗೆ ಇಳಿಸಿದ್ರಿ, ನಿಜ ಹೇಳಿ."

"ಇಂಜೆಕ್ಷನ್. ನಡುವೆ ಆರು ವಾರ ಸಿಗ್ಲಿಲ್ಲ, ಹಸಿವೆಲ್ಲ ವಾಪಸ್ ಬಂತು. ಅಷ್ಟೇ ನನ್ನ ಶೌರ್ಯ."

"ನನಗೂ ಕೊಡ್ತಾರಾ?"

"ಡಾಕ್ಟ್ರು ನೋಡಿ ಹೇಳ್ಬೇಕು. ಎಲ್ಲರಿಗೂ ಆಗಲ್ಲ. ಅಕ್ಕನಿಗೆ ಆಗ್ಲಿಲ್ಲ."

ಅವಳು ಅಕ್ಕನನ್ನು ನೋಡಿದಳು. ಆಮೇಲೆ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ, "ಒಬ್ಬಳೇ ಹೋಗೋಕೆ ಒಂಥರಾ ನಾಚಿಕೆ," ಎಂದಳು.

ಬುಧವಾರ ನಾನೂ ಬರುತ್ತೇನೆ, ಒಟ್ಟಿಗೆ ಹೋಗೋಣ ಎಂದೆ.

ಅಕ್ಕ ಮಿಷನ್ನಿನಿಂದ ತಲೆ ಎತ್ತದೆ ಹೇಳಿದಳು, "ಮೂರೂ ಜನ ಹೋಗೋಣ. ನನಗೂ ಡಾಕ್ಟ್ರ ಹತ್ರ ಒಂದು ಮಾತು ಕೇಳೋದಿದೆ."

ಏನು ಮಾತು ಎಂದು ಕೇಳಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಹೇಳಬೇಕೆನಿಸಿದಾಗ ಅವಳೇ ಹೇಳುತ್ತಾಳೆ. ಸಂಜೆ ಒಟ್ಟಿಗೆ ಮೆಟ್ಟಿಲು ಹತ್ತಿದೆವು. ಅವಳು ನಿಂತ ಕಡೆಯಲ್ಲೆಲ್ಲ ನಾನೂ ನಿಂತೆ.